ಬಾಗಿಲಿಗೆ ಸುಳಿಯಿಟ್ಟು ಬಿದ್ದ ಏಳು ಮರ

“ಮರ ಎಲ್ಲಿ ಅತ್ತೆ?... ಏಳೂ ಮರ ಎಲ್ಲಿ?”

ಕುಣಿಗಲ್ ತಾಲೂಕು ಕಚೇರಿಯಲ್ಲಿ ಪರಿಹಾರದ ಅರ್ಜಿ ಕೊಟ್ಟು, ಕೊತ್ತಗೆರೆಯಲ್ಲಿ ಬಸ್ಸಿಳಿದು ಬಂದ ಶಾಂತಲಾ ತೋಟದ ಬದುವಿನ ಮೇಲೆ ಹಾಗೇ ನಿಂತುಬಿಟ್ಟಳು. ಮೊನ್ನೆಯ ಬಿರುಗಾಳಿಗೆ ಬುಡಸಮೇತ ಉರುಳಿದ್ದ ತೆಂಗಿನ ಮರಗಳು ಬೆಳಿಗ್ಗೆ ಅಲ್ಲೇ ಇದ್ದವು. ಈಗ ಟ್ರ್ಯಾಕ್ಟರ್ ಚಕ್ರದ ಗುರುತು ಮಾತ್ರ. ಬೇರು ಕಿತ್ತ ಗುಂಡಿಗಳನ್ನೂ ಮುಚ್ಚಿಸಿದ್ದರು.

“ಮರ ಕುಯ್ಯೋ ಸಾಮಿಲ್ಲಿಗೆ ಹೋದ್ವು,” ಎಂದಳು ಅತ್ತೆ ಶಿವರುದ್ರಮ್ಮ, ಜಗುಲಿಯಲ್ಲಿ ಹುಣಸೆಬೀಜ ಬಿಡಿಸುತ್ತಾ. “ಸುಳೀನ ಬಾಗ್ಲು ಕಡೆ ಹಾಕ್ಕೊಂಡು ಹೆಣದಂಗೆ ಮಲಗಿದ್ವಲ್ಲ! ಹಂಗೆ ಬುಟ್ರೆ ಮನೇಲಿ ಇನ್ನೊಬ್ರನ್ನ ಕರೀತವೆ. ನಿನ್ ಕಾಲ್ಗುಣಕ್ಕೆ ಒಬ್ಬ ಮಗ ಹೋಗಿದ್ದು ಸಾಲ್ದಾ?”

“ಶಾನುಭೋಗರು ಬಂದು ನೋಡೋಗಂಟ ಮುಟ್ಬೇಡಿ ಅಂತ ಹೇಳೋಗಿದ್ನಲ್ಲ ಅತ್ತೆ... ನಾಳೇನೇ ಬರ್ತಾರಂತೆ.”

“ಬಿದ್ದ ಮರ ನೋಡೋದೇನೈತೆ? ಗಾಳಿ ಬೀಸಿದ್ದು ಊರಿಗೇ ಗೊತ್ತು.”

ಶಾಂತಲಾ ಬದುವಿನ ಮೇಲೇ ಕುಳಿತಳು. ಅವಳಿಗೆ ಬೇಕಾಗಿದ್ದದ್ದು ಬರೀ ಪರಿಹಾರದ ಚೆಕ್ಕಲ್ಲ. ಜಮೀನು ಇನ್ನೂ ಸತ್ತ ಮಾವ ಅಡವಿಯಪ್ಪನ ಹೆಸರಿನಲ್ಲೇ ಇತ್ತು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿದ್ದರು. ಗಂಡ ತೀರಿಕೊಂಡು ಮೂರು ವರ್ಷವಾದರೂ ಈ ಮರಗಳಿದ್ದ ಅವನ ಪಾಲಿಗೆ ನೀರು ಕಟ್ಟುತ್ತಿದ್ದವಳು ಅವಳೇ. ಮಹಜರಿನಲ್ಲಿ ‘ಅನುಭವದಲ್ಲಿರುವವರು ಶಾಂತಲಾ’ ಎಂದು ಬರೆದರೆ, ಅವಳ ಹೆಸರು ಹೊತ್ತ ಮೊದಲ ಸರ್ಕಾರಿ ಕಾಗದ ಅದಾಗುತ್ತಿತ್ತು. ಮರವೇ ಇಲ್ಲದ ಮೇಲೆ ಮಹಜರು ಎಲ್ಲಿಯದು!

ಸಂಜೆ ಬಂದ ಶಿವರುದ್ರಮ್ಮನ ಹಿರಿಯ ಮಗ ಉದಯಕುಮಾರ ನಗುತ್ತಲೇ ಟವೆಲ್ ಕೊಡವಿದ. “ಅವ್ವ, ಟ್ರ್ಯಾಕ್ಟ್ರು ಕರ್ಕಬಾ ಅಂತ ಹೇಳಿ ಒಳ್ಳೇದೇ ಮಾಡ್ದೆ ಬುಡು. ಮರಾನೂ ಇಲ್ಲ, ಅವಳ ಹೆಸ್ರೂ ಇಲ್ಲ. ಇನ್ನ ಖಾತೇನ ನನ್ ಹೆಸ್ರಿಗೆ ಮಾಡ್ಸೋಕೆ ಯಾರೂ ಅಡ್ಡ ಇಲ್ಲ.”

ಶಿವರುದ್ರಮ್ಮನ ಕೈ ನಿಂತಿತು.

“ಏನ್ಲಾ, ನನ್ ಹೆಸ್ರು ಯಾವ ಕಾಗ್ದದಾಗೈತಲಾ?”

“ನಿಂಗ್ಯಾಕವ್ವ ಕಾಗ್ದ? ನಾನಿಲ್ವಾ?”

“ನಿಮ್ಮಪ್ಪಾನೂ ಹಿಂಗೇ ಅಂದಿದ್ದ...” ಎಂದವಳು ಹುಣಸೆಬೀಜ ಪಕ್ಕಕ್ಕೆ ಸರಿಸಿದಳು. ಒಳಗೆ ಸೊಸೆ ಬಿಕ್ಕುವುದು ಕೇಳುತ್ತಲೇ ಇತ್ತು.

ಮರುದಿನ, ಊರವರ ಬಾಯಲ್ಲಿ ಇನ್ನೂ ಶಾನುಭೋಗರೇ ಆಗಿದ್ದ ಗ್ರಾಮಲೆಕ್ಕಿಗ ಮಹಾದೇವಯ್ಯ ಮೊಪೆಡ್ಡಿನಲ್ಲಿ ಬಂದು, ಬೋಳು ನೆಲ ನೋಡಿ ಪುಸ್ತಕ ಮುಚ್ಚುವಷ್ಟರಲ್ಲಿ ಮುದುಕಿ ಅಡ್ಡ ನಿಂತಳು. “ನಡೀರಿ ಸ್ವಾಮಿ ಸಾಮಿಲ್ಲಿಗೆ.” ಶಾಂತಲಾ ಬೆರಗಾಗಿ ಹಿಂದೆಯೇ ಹೊರಟಳು. ಉದಯಕುಮಾರನೂ ಗಾಬರಿಯಿಂದ ಓಡಿಬಂದ.

ಗಾಳಿಗೆ ಕರೆಂಟು ಕಂಬಗಳೂ ಬಿದ್ದಿದ್ದರಿಂದ ಊರಾಚೆಯ ಸಾಮಿಲ್ಲಿನಲ್ಲಿ ಗರಗಸ ತಿರುಗಿರಲಿಲ್ಲ. ಏಳು ಮರವೂ ಇಡಿಯಾಗಿ ಬಿದ್ದಿದ್ದವು. ನುಸಿರೋಗಕ್ಕೆ ಬೇರಿಗೆ ಔಷಧಿ ಕಟ್ಟುವಾಗ ಯಾವುದೂ ತಪ್ಪದಿರಲೆಂದು ಶಾಂತಲಾ ಬುಡಕ್ಕೆ ಬರೆದಿದ್ದ ಬಿಳಿ ಪೇಂಟಿನ ನಂಬರುಗಳು ಹಾಗೇ ಇದ್ದವು.

“ನನ್ ಶೆಡ್ಡಿನ ಶೀಟೆಲ್ಲ ಹಾರೋದ್ವು ಸ್ವಾಮಿ, ನಂಗೇನಿಲ್ವಾ ಪರಿಹಾರ?” ಎಂದ ಸಾಮಿಲ್ಲಿನ ಗಂಗಣ್ಣ.

“ಮರಕ್ಕೈತೆ ಗಂಗಣ್ಣ, ಶೀಟಿಗಿಲ್ಲ,” ಎಂದ ಮಹಾದೇವಯ್ಯ ಮುದುಕಿಯ ಕಡೆ ತಿರುಗಿದ. “ಇವು ನಿಮ್ ತೋಟದವೇ ಅಂತ ಯಾರಮ್ಮ ಹೇಳೋರು?”

“ನಾನು. ಎತ್ತಿಸ್ದೋಳೂ ನಾನೇ, ಗುಂಡಿ ಮುಚ್ಚಿಸ್ದೋಳೂ ನಾನೇ. ತಪ್ಪು ಅಂತ್ಲೇ ಬರ್ಕಳಿ.”

“ತೋಟ ಯಾರ ಅನುಭವದಲ್ಲೈತೆ?”

“ಅವ್ವಾ!...” ಎಂದ ಉದಯಕುಮಾರ.

“ಸುಮ್ನಿರ್ಲಾ. ನಿನ್ ಪಾಲು ಯಾರೂ ಕಿತ್ಕಳಲ್ಲ.” ಮುದುಕಿ ಮಹಾದೇವಯ್ಯನ ಕಡೆ ತಿರುಗಿದಳು. “ಶಾಂತಲಾ ಅಂತ ಬರೀರಿ ಸ್ವಾಮಿ. ನೀರು ಕಟ್ಟಿದೋಳು ಅವಳು.”

ಮೂರು ವರ್ಷದಲ್ಲಿ ಅತ್ತೆಯ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು! ಶಾಂತಲಾಳ ಕಣ್ಣು ತುಂಬಿ ನಂಬರುಗಳು ಮಸುಕಾದವು.

ಶಿವರುದ್ರಮ್ಮ ಹೆಬ್ಬೆಟ್ಟೊತ್ತಿ, ಬೆರಳಿನ ಮಸಿಯನ್ನು ಸೊಸೆಯ ಸೆರಗಿಗೇ ಒರೆಸಿದಳು.

“ಅಳೋದ್ ಸಾಕು, ಗುದ್ದಲಿ ತಗೊಂಡ್ ಬಾ. ಮಳೆ ಹಿಡಿಯೋದ್ರೊಳಗೆ ಏಳು ಸಸಿ ನೆಡ್ಬೇಕು. ಗುಂಡಿ ಮುಚ್ಚಿಸಿದ ಕೂಲಿ ದಂಡ ಆಯ್ತು ಕಣೇ ಶಾಂತಲಾ... ತಿರ್ಗಾ ನಾವೇ ತೋಡ್ಬೇಕು.”