ಬೊಂಬಾಯಿಯ ಒಪ್ಪಿಗೆ

ಗಂಡ ಸತ್ತು ನಲವತ್ತು ದಿನ ಕಳೆದರೂ ಮಹಬೂಬ್ ಬೀ ಮನೆಗೆ ಒಬ್ಬರೂ ಕಾಲಿಟ್ಟಿರಲಿಲ್ಲವಂತೆ. ಹಾಗಾಗಿ ಆಕೆಯೇ ಕಿರುಗಾವಲಿನಿಂದ ಬಸ್ಸು ಹಿಡಿದು ಗುತ್ತಲಿಗೆ ಬಂದಳು. ಅದು ೧೯೪೧ರ ಏಪ್ರಿಲ್.

ಬಂದದ್ದು ನನ್ನ ನೆರೆಯ ಅಖ್ತರ್ ಬೇಗಂ ಮನೆಗೆ. ನಿವೃತ್ತ ಮೇಷ್ಟ್ರಮ್ಮ, ಒಂಟಿ. ಊರವರ ಒಗಟು ಬಿಡಿಸುವುದು ಆಕೆಯ ಚಟ, ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡು ಕೂರುವುದು ನನ್ನದು. ನಾನು ಮುದ್ದಯ್ಯ, ಕೋರ್ಟಿನಲ್ಲಿ ನಕಲು ಗುಮಾಸ್ತನಾಗಿದ್ದವನು. ಹೆಂಡತಿ ಹೋದ ಮೇಲೆ ನನ್ನ ಮನೆಯಲ್ಲಿ ಸದ್ದು ಮಾಡುವುದು ಗಡಿಯಾರವೊಂದೇ. ತಡೆಯಲಾರದೆ ದಿನಾ ಸಂಜೆ ಆ ಜಗುಲಿಗೆ ಹೋಗಿ ಬೀಳುತ್ತಿದ್ದೆ.

"ನಮ್ಮೋರು ಪೀರ್ ಪಾಷಾ, ಗಾಡಿಚಕ್ರ ಮಾಡೋರು ಕಣಮ್ಮ," ಎಂದಳು ಮಹಬೂಬ್ ಬೀ. "ಮಾರ್ಚಿ ಏಳು, ಸುಕ್ರವಾರ. ಜುಮ್ಮಾ ನಮಾಜ್ ಮುಗ್ಸಿ ಬರೋ ಒತ್ಗೆ ಸೆಡ್ಡು ಅತ್ಕೊಂಡು ಉರೀತಿತ್ತು. ಪಕ್ಕದ್ಮನೆ ಸೋಮಮ್ಮ ಅಲ್ಲಿ ಕಟ್ಟಿದ್ದ ಅಸೀನ ಕರ ಬುಡ್ಸಕ್ಕೆ ಒಳೀಕ್ ನುಗ್ಗುದ್ರು. ಕರಾನೂ ಬರ್ನಿಲ್ಲ, ಅವ್ರೂ ಬರ್ನಿಲ್ಲ. ಸೆಡ್ಗೆ ವಿಮೆ ಮಾಡ್ಸಿದ್ರು. ಆ ಕಂಪನಿ ನಾಗಯ್ಯನೋರು, ನಿನ್ ಗಂಡನಿಂದ್ಲೇ ಬೆಂಕಿ ಬಿದ್ದಿದ್ದು ಅಂತ ಊರ್ಗೆಲ್ಲ ಯೋಳುದ್ರು. ಸೋಮಮ್ಮ ನನ್ ಮಕ ನೋಡಲ್ಲ. ದುಡ್ಡು ಓದ್ರೆ ಓಗ್ಲಿ, ಈ ಕೆಟ್ಟೆಸ್ರು ಒತ್ಕೊಂಡು ಎಂಗ್ ಬದ್ಕಲಿ?"

ಆಕೆಯ ಕೈಲಿದ್ದ ವಿಮೆ ಕಂಪನಿಯ ಇಂಗ್ಲಿಷ್ ವರದಿಯನ್ನು ಯಾರೂ ಓದಿ ಹೇಳಿರಲಿಲ್ಲ. ಬೇಗಂ ಓದಿದರು: "ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಮಾಲೀಕನು ವಿಮೆಯ ಷರತ್ತು ಮೀರಿ ಶೆಡ್ಡಿನ ಬಳಿಯೇ ಚಕ್ರಕ್ಕೆ ತೊಡಿಸುವ ಕಬ್ಬಿಣದ ಪಟ್ಟಾ ಕಾಯಿಸುತ್ತಿದ್ದಾಗ ಕಿಡಿ ಹಾರಿತು." ಕೆಳಗೆ ತನಿಖೆದಾರ ಶಿವಣ್ಣನ ಸಹಿ.

ಮರುದಿನ ಕಿರುಗಾವಲಿಗೆ ಹೋದೆವು. ಸುಟ್ಟ ಶೆಡ್ಡಿನಿಂದ ಮೂವತ್ತು ಮಾರು ದೂರದಲ್ಲಿ, ಹಿತ್ತಿಲ ಚಪ್ಪರದಡಿ, ಪಟ್ಟಾ ಕಾಯಿಸುವ ಕುಳಿಯಿತ್ತು. ಶನಿವಾರದ ಕೆಲಸಕ್ಕೆಂದು ಪೀರ್ ಪಾಷಾ ಜೋಡಿಸಿಟ್ಟ ಬೆರಣಿ ಹಾಗೇ ಇತ್ತು, ಒಂದಕ್ಕೂ ಬೆಂಕಿ ಮುಟ್ಟಿರಲಿಲ್ಲ. ಮಹಬೂಬ್ ಬೀಗೆ ಅದನ್ನು ಎತ್ತಿಡುವ ಮನಸ್ಸಾಗಿರಲಿಲ್ಲ. ನನಗೆ ಕಣ್ಣು ತುಂಬಿಬಂತು.

ಅಲ್ಲಿಂದ ಮಂಡ್ಯದ ವಿಮೆ ಕಚೇರಿಗೆ. ಕಂಪನಿ ಚಿಕ್ಕದು. ತಾನು ಹೊತ್ತ ಹೊಣೆಯಲ್ಲಿ ಮುಕ್ಕಾಲು ಪಾಲನ್ನು ಬೊಂಬಾಯಿಯ ದೊಡ್ಡ ಕಂಪನಿಯೊಂದಕ್ಕೆ ಹೊರಿಸಿತ್ತು. ಮ್ಯಾನೇಜರ್ ನಾಗಯ್ಯ ಆ ಕರಾರಿನ ಷರತ್ತು ತೋರಿಸಿದ: ನಷ್ಟವಾದರೆ ಮೂರು ದಿನದೊಳಗೆ ಬೊಂಬಾಯಿಗೆ ತಿಳಿಸಬೇಕು, ಅವರ ಒಪ್ಪಿಗೆಯಿಲ್ಲದೆ ಪರಿಹಾರ ಕೊಡಕೂಡದು.

"ಅವರು ಒಪ್ಪಿಲ್ಲ. ನನ್ನ ಕೈ ಕಟ್ಟಿಹಾಕಿದೆ," ಎಂದು ಅವರ ಉತ್ತರವನ್ನೂ ಮುಂದಿಟ್ಟ. "ಮಾರ್ಚಿ ಹತ್ತೊಂಬತ್ತರ ನಿಮ್ಮ ಮೊದಲ ಕಾಗದ ತಲುಪಿತು" ಎಂದು ಅದು ಶುರುವಾಗಿತ್ತು.

ಭಾನುವಾರ ಎಲ್ಲರನ್ನೂ ಬೇಗಂ ಜಗುಲಿಗೆ ಕರೆಸಿದರು.

"ಜುಮ್ಮಾ ಹೊತ್ತಲ್ಲಿ ಪೀರ್ ಪಾಷಾ ಮಸೀದಿಯಲ್ಲಿದ್ದರು. ಬೆರಣಿ ಹತ್ತಿಸಿದವರೇ ಇಲ್ಲ. ಸ್ಥಳಕ್ಕೆ ಹೋದವರು ಆ ಕುಳಿ ನೋಡದೆ ಬರೋಕಾಗಲ್ಲ. ಶಿವಣ್ಣನೋರೇ, ನೀವು ಹೋಗಿದ್ರಾ?"

ಶಿವಣ್ಣ ತಲೆ ತಗ್ಗಿಸಿದ. "ಇಲ್ಲಮ್ಮ. ಅಳ್ಳಿ ಅಳ್ಳಿ ಸುತ್ತೋದು ತಪ್ಲಿ ಅಂತ ಖಾಲಿ ಕಾಗ್ದಕ್ಕೆ ಸಹಿ ಆಕಿ ಕಚೇರೀಲಿ ಬುಟ್ಟಿರ್ತೀನಿ."

"ಹಾಗಾದ್ರೆ ಬರೆದೋರು ನೀವೇ ನಾಗಯ್ಯನೋರೇ. ಏಳಕ್ಕೆ ಬೆಂಕಿ, ಹತ್ತೊಂಬತ್ತಕ್ಕೆ ಮೊದಲ ಕಾಗದ. ಮೂರು ದಿನದ ಗಡುವು ಮೀರಿತ್ತು. ಬೊಂಬಾಯಿಯವರು ಪಾಲು ಕೊಡಲ್ಲ, ಪೂರಾ ಹೊರೆ ಕಂಪನಿ ಮೇಲೆ, ನಿಮ್ಮ ಕೆಲಸ ಹೋಗುತ್ತೆ. ತಪ್ಪು ಸತ್ತವರದ್ದು ಅಂದುಬಿಟ್ರೆ ಯಾರೂ ಏನೂ ಕೊಡಬೇಕಿಲ್ಲ. ಇನ್ನೊಂದು ಮಾತು. ಆ ಷರತ್ತು ನಿಮಗೂ ಬೊಂಬಾಯಿಗೂ ನಡುವಿನದು. ಪೀರ್ ಪಾಷಾ ಅದಕ್ಕೆ ಸಹಿ ಹಾಕಿಲ್ಲ. ಅವರು ಒಪ್ಪಲಿ ಬಿಡಲಿ, ಈಕೆಗೆ ನೀವು ಕೊಡಲೇಬೇಕು."

ನಾಗಯ್ಯ ಕೈ ಮುಗಿದ. "ಕ್ಷಮಿಸ್ಬುಡಿ. ಕೊಡಿಸ್ತೀನಿ."

"ಬೆಂಕಿ ಎಲ್ಲಿಂದ ಬಂತು?" ನಾನು ಕೇಳಿದೆ.

"ಗೊತ್ತಿಲ್ಲ ಮುದ್ದಯ್ಯನೋರೇ," ಎಂದರು ಬೇಗಂ. "ಪೀರ್ ಪಾಷಾರಿಂದ ಅಲ್ಲ, ಅಷ್ಟು ಗೊತ್ತು."

ಮಹಬೂಬ್ ಬೀ ಎದ್ದಳು. "ಊರ್ಗೆ ಬಂದು ಯೋಳ್ಬೇಕು ಸ್ವಾಮಿ. ಸುಳ್ ಯೋಳಿದ ಜಾಗ್ದಲ್ಲೇ."

ನಾಗಯ್ಯ ಹೋಗಿ ಹೇಳಿದ, ನಮ್ಮೆದುರೇ. ಜನ ಒಬ್ಬೊಬ್ಬರಾಗಿ ಕರಗಿದರು. ಮಹಬೂಬ್ ಬೀ ಒಬ್ಬಳೇ ಬಾಗಿಲಲ್ಲಿ ಕೂತಳು. ಅಯ್ಯೋ, ಇಷ್ಟೇನಾ ಅನ್ನಿಸಿತು ನನಗೆ. ನಾವು ಬಸ್ಸಿಗೆ ಹೊರಟಾಗ ಸೋಮಮ್ಮ ಒಂದು ಚೊಂಬು ಹಾಲು ಹಿಡಿದು ಬಂದು ಹೊಸ್ತಿಲಾಚೆ ನಿಂತಳು.

"ನನ್ ಕರಕ್ಕೋಸ್ಕರ ಸತ್ನಲ್ಲಮ್ಮ ಪುಣ್ಯಾತ್ಮ," ಎಂದು ಅತ್ತಳು. "ಮಹಬೂಬಮ್ಮ, ಒಳೀಕ್ ಬರ್ಲಾ?"