ಟೆಂಟಿನೊಳಗೆ ನಾಲ್ಕು ಕಲ್ಲು

ದ್ವೀಪಕ್ಕೆ ಹೋಗಿಬರುವ ದೋಣಿಗೆ ನಾನೂರು, ಟೆಂಟಿನ ಬಾಡಿಗೆ ಆರುನೂರು. ಎರಡು ದಿನ ಅಂಗಡಿ ಮುಚ್ಚಿದ ನಷ್ಟ ಬೇರೆ. ಅಮ್ಮ ತೀರಿಕೊಂಡ ಮೇಲೆ ಟೈಲರ್ ಹುಡುಗಿ ತನಗಾಗಿ ಮಾಡಿದ ಮೊದಲ ಖರ್ಚು ಅದು.

ಸಮುದ್ರದ ಮೇಲೆ ಎತ್ತರದ ಬಂಡೆ, ಬಂಡೆಯ ತುಂಬ ಕಾಡು, ಕಾಡಿನ ನಡುವೆ ಅವತ್ತು ಹಾಕಿದ್ದು ಅವಳದೊಂದೇ ಟೆಂಟು. ಒಂದು ಸುತ್ತು ಅಡ್ಡಾಡಿ ಬಂದು ಜಿಪ್ ಎಳೆದಳು, ಮೈ ಉರಿದುಹೋಯಿತು. ನಾಲ್ಕು ಮೂಲೆಗೂ ಕೆಸರು ಮೆತ್ತಿದ ಕಲ್ಲು. ಒಂದಂತೂ ಅಮ್ಮ ಹೊಲಿದ ಕೌದಿಯ ಮೇಲೇ ಕೂತಿತ್ತು!

ಇಟ್ಟವನು ದ್ವೀಪದ ಉದ್ಯಾನವನ್ನೂ ಬಾಡಿಗೆ ಟೆಂಟುಗಳನ್ನೂ ನೋಡಿಕೊಳ್ಳುವ ಕಾವಲುಗಾರ. ಅಲ್ಲೇ ಒಣ ಎಲೆ ಗುಡಿಸುತ್ತಿದ್ದ.

"ನೀವೂ ಹಾಸಿಗೆ ಮೇಲೆ ಕಲ್ಲು ಇಟ್ಕೊಂಡೇ ಮಲಗ್ತೀರೇನ್ರೀ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ. ಒಂಟಿ ಹೆಣ್ಣೆಂದು ಆಟವಾಡುತ್ತೀರಾ ಎಂದಳು, ಬಾಡಿಗೆ ವಾಪಸು ಕೊಡಿ ಎಂದಳು. ಕಲ್ಲುಗಳನ್ನೆಲ್ಲ ಹೊರಗೆಸೆದು, ಸಂಜೆಯ ದೋಣಿ ಎಷ್ಟು ಹೊತ್ತಿಗೆಂದು ನೋಡಲು ಗೇಟಿನತ್ತ ನಡೆದಳು.

ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ... ಕಡಲಿನಿಂದ ಗಾಳಿ ಎದ್ದಿತು. ತಿರುಗಿದರೆ, ಗೂಟ ಕಿತ್ತುಕೊಂಡ ಟೆಂಟು ಉರುಳುತ್ತ ಬಂಡೆಯ ಅಂಚಿಗೆ ಹೊರಟಿತ್ತು.

ಅಯ್ಯೋ, ಅಮ್ಮನ ಕೌದಿ...

ಕಾವಲುಗಾರ ಪೊರಕೆ ಬಿಸಾಡಿ ಓಡಿದ. ಅಂಚಿಗೆ ಎರಡು ಮಾರು ಉಳಿದಿದ್ದಾಗ ಟೆಂಟಿನ ಮೇಲೆ ಬಿದ್ದು, ಒಂದು ಕೈಯಲ್ಲಿ ಮರದ ಬೇರು ಹಿಡಿದ.

ಅವನ ಅಂಗಿಯ ತೋಳು ಹರಿದಿತ್ತು, ಮೊಣಕೈ ತರಚಿತ್ತು. ಕೌದಿ ಕೈಗೆ ಬಂದಾಗ ಅವಳು ಅದನ್ನು ಎದೆಗವಚಿಕೊಂಡಳು.

"ಕಲ್ಲು ಗಾಳಿಗೆ ಅಂತ ಮೊದಲೇ ಹೇಳ್ಬಾರದಿತ್ತಾ?"

"ಹೇಳೋಕೆ ನೀವು ಬಿಟ್ಟರೆ ತಾನೆ."

ಅವಳಿಗೆ ಅಳು ಬರುವ ಹೊತ್ತಿಗೆ ನಗು ಬಂತು.

ಸಂಜೆಯ ದೋಣಿ ಅವಳನ್ನು ಬಿಟ್ಟೇ ಹೋಯಿತು. ಅವಳು ಅವನ ತೋಳು ಹೊಲಿದುಕೊಟ್ಟಳು. ಟೆಂಟಿನ ಮೂಲೆಗಳಿಗೆ ಹೊರಗಿನಿಂದಲೇ ಕಲ್ಲು ತುಂಬುವ ಚೀಲ ಹೊಲಿದಳು. ಇನ್ನು ಯಾರ ಹಾಸಿಗೆಗೂ ಕೆಸರು ತಾಗುವಂತಿರಲಿಲ್ಲ. ಮರುದಿನ ಊರಿಗೆ ಹೋದರೂ, ಉದ್ಯಾನದ ಉಳಿದ ಬಾಡಿಗೆ ಟೆಂಟುಗಳಿಗೂ ಚೀಲ ಹೊಲಿಯುವ ನೆಪದಲ್ಲಿ ತಿಂಗಳಿಗೊಮ್ಮೆ ಬರುತ್ತಿದ್ದಳು. ಬಂದಾಗಲೆಲ್ಲ ಅವನು ಅದೇ ಅಂಗಿ ತೊಟ್ಟು ಗೇಟಿನ ಬಳಿ ಕಾದಿರುತ್ತಿದ್ದ.

ಕೊನೆಯ ಟೆಂಟಿನ ಕೊನೆಯ ಚೀಲಕ್ಕೆ ಗಂಟು ಹಾಕುವಾಗ ಅವನು ಮೆಲ್ಲಗೆ ಕೇಳಿದ.

"ಇದು ಮುಗಿದ್ರೆ... ಮತ್ತೆ ಬರಲ್ವಾ?"

"ಬರೋಕೆ ಏನಾದ್ರೂ ಕಾರಣ ಬೇಕಲ್ಲ."

"ನಾನು ಇದ್ದೀನಲ್ಲ. ಮದುವೆ ಆಗ್ತೀರಾ?"

ಅವಳು ದಾರ ಕಚ್ಚಿ ತುಂಡರಿಸಿದಳು. "ಅವತ್ತು ನೀವು ಆ ಬೇರು ಹಿಡಿದಾಗಲೇ ನಾನು ಒಪ್ಪಿ ಆಗಿತ್ತು. ಒಂದು ಮಾತು ಕೇಳೋಕೆ ನನ್ನ ಕೈಲಿ ಹನ್ನೊಂದು ಟೆಂಟ್ ಹೊಲಿಸಿದ್ರಿ."

ಕೌದಿಯ ಮೇಲಿನ ಕೆಸರಿನ ಕಲೆ ಇಂದಿಗೂ ಹೋಗಿಲ್ಲ. ಅವಳು ಉಜ್ಜಿಯೂ ಇಲ್ಲ. ಹಾಳಾದದ್ದು ಗೇಣಗಲ ಬಟ್ಟೆ. ಸಿಕ್ಕಿದ್ದು, ಗಾಳಿ ಎದ್ದಾಗ ಅವಳಿಗಾಗಿ ಓಡಿಬರುವ ಒಬ್ಬ ಮನುಷ್ಯ.