ಕಿರುಬೆರಳಿನ ಅಳತೆ

ಕಿರುಬೆರಳಿಗೆ ತೊಟ್ಟ ಗಾಜಿನ ನಳಿಗೆ ಮತ್ತೆ ತಂತಿಗೆ ಬಡಿದು ಕಟ್ ಎಂದಿತು. ಸೆಲಿನ್ ಹಲ್ಲು ಕಚ್ಚಿ ಗಿಟಾರನ್ನು ತೊಡೆಯ ಮೇಲೆ ಬೋರಲು ಹಾಕಿದಳು.

"ಈ ಬೆರಳು ಒಂದಿನ ಕತ್ತರಿಸಿ ಒಗೀತೇನಿ ನೋಡು!"

"ಕತ್ತರಿಸಬ್ಯಾಡ. ಆಮ್ಯಾಲ ಸ್ಲೈಡ್ ಎಲ್ಲಿ ಹಾಕ್ಕೋತಿ?" ಎಂದ ರಾಕೇಶ. ಎದುರಿನ ಮೆಟ್ಟಿಲ ಮೇಲೆ ತನ್ನ ಗಿಟಾರು ತಬ್ಬಿಕೊಂಡು ಕೂತಿದ್ದ. ಮುಖದಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ಇತ್ತು. ಆ ಕಣ್ಣು ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು. ಉರಿದ ಮೇಲೂ ಮತ್ತೆ ಅಲ್ಲೇ ನೋಡಬೇಕೆನಿಸುತ್ತಿತ್ತು, ಅದು ಇನ್ನೊಂದು ಕರ್ಮ.

ಇಬ್ಬರೂ ಹಳಿಯಾಳದ ಹತ್ತಿರದ ಒಂದೇ ಸಿದ್ದಿ ಕೇರಿಯವರು, ಒಂದೇ ಚರ್ಚಿನಲ್ಲಿ ಹಾಡಿ ಬೆಳೆದವರು. ಮನೆಯಲ್ಲಿ ಆಡುವುದು ಕೊಂಕಣಿ ಬೆರೆತ ತಮ್ಮದೇ ಮಾತು. ಜಗಳಕ್ಕೆ ಮಾತ್ರ ಕನ್ನಡವೇ ಬೇಕು. ಅದರಲ್ಲಿ ಬೈದರೇ ಬೈದ ಹಾಗೆ ಅನ್ನಿಸುವುದು. ಇತ್ತೀಚೆಗೆ ಅವರ ನಡುವೆ ಬರೀ ಕನ್ನಡವೇ ನಡೆದಿತ್ತು.

ಪ್ರತಿ ಶನಿವಾರ ಸಂಜೆ ದಾಂಡೇಲಿಯಲ್ಲಿ ಕಾಳಿ ಹೊಳೆಯ ದಂಡೆಯ ಒಂದು ರೆಸಾರ್ಟಿನಲ್ಲಿ ಇಬ್ಬರೂ ಹಾಡು ನಡೆಸುತ್ತಿದ್ದರು. ಸೆಲಿನ್ ಹಾಡುತ್ತ, ಬೆರಳಿಗೆ ಸ್ಲೈಡ್ ಎಂಬ ನಳಿಗೆ ತೊಟ್ಟು ತಂತಿಯ ಮೇಲೆ ರಾಗ ಎಳೆಯುವಳು. ರಾಕೇಶ ಅವಳ ಬೆನ್ನಿಗೆ ಕಾರ್ಡ್ ಹಿಡಿಯುವನು, ಮೂರ್ನಾಲ್ಕು ತಂತಿ ಒಟ್ಟಿಗೆ ಒತ್ತಿ ಹಾಡಿಗೆ ಸ್ವರ ಕೂಡಿಸುವನು. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಗೋವಾದ ಮಡಗಾಂವದ ಹೋಟೆಲೊಂದರ ಬ್ಯಾಂಡಿನಲ್ಲಿದ್ದ ಅವನ ಅಣ್ಣ ಲುಯಿಸ್ ಫೋನ್ ಮಾಡಿ, ಇಲ್ಲಿ ಗಿಟಾರಿಗೆ ಜನ ಬೇಕಾಗಿದೆ, ಬಂದುಬಿಡು ಎಂದ. ರಾಕೇಶ ಆ ಸುದ್ದಿ ತಂದು ಹೇಳಿ, ಅವಳ ಮುಖವನ್ನೇ ನೋಡುತ್ತ ನಿಂತ.

"ಚಲೋ ಆತಲ್ಲ, ಹೋಗು" ಎಂದುಬಿಟ್ಟಳು ಸೆಲಿನ್.

"ಇಲ್ಲೆ ಕಾರ್ಡ್ ಯಾರು ಹಿಡೀತಾರ?"

"ನಾನ ಹಿಡೀತೇನಿ. ಸ್ಲೈಡೂ ನಾನ, ಕಾರ್ಡೂ ನಾನ. ನೀ ಇಲ್ಲಂದ್ರ ನಾ ಏನು ಬಾಯಿಗೆ ಬೀಗ ಹಾಕ್ಕೊಂಡು ಕುಂಡರ್ಲೇನು?"

ಅವಳಿಗೆ ಬೇಕಾಗಿದ್ದದ್ದು ಅವನ ಬಾಯಿಂದ ಒಂದೇ ಮಾತು: ನನಗ ಹೋಗೂ ಮನಸ್ಸಿಲ್ಲ. ಆ ಪುಣ್ಯಾತ್ಮ ಅದೊಂದನ್ನು ಬಿಟ್ಟು "ಆತು ಬಿಡು" ಎಂದ. ತಿಂಗಳ ಕೊನೆಯ ಸೋಮವಾರದ ಬಸ್ಸಿಗೆ ಅವನು ಹೊರಡುವುದೆಂದು ಠರಾವಾಯಿತು. ಸೆಲಿನ್ ಅಂದದ್ದು ಅಂದಾಗಿತ್ತು, ಇನ್ನು ಮಾಡಿ ತೋರಿಸಬೇಕಿತ್ತು.

ಮಾಡಿ ತೋರಿಸುವುದೇನು ಸಣ್ಣ ಕೆಲಸವೇ? ಇಷ್ಟು ದಿನ ಅವಳು ಸ್ಲೈಡನ್ನು ಉಂಗುರ ಬೆರಳಿಗೆ ಹಾಕುತ್ತಿದ್ದಳು. ಕಾರ್ಡಿಗೆ ರಾಕೇಶ ಇದ್ದಾಗ ಅದರಿಂದ ತೊಂದರೆ ಇರಲಿಲ್ಲ. ಈಗ ಆ ಬೆರಳು ಕಾರ್ಡಿಗೆ ಬೇಕು. ಸ್ಲೈಡ್ ಕಿರುಬೆರಳಿಗೆ ಹೋಗಬೇಕು, ಉಳಿದ ಮೂರು ಬೆರಳು ಬಿಡುವಾಗಬೇಕು. ಅದೂ ಬೆರಳ ತುದಿಯಿಂದ ನಡುಗೆಣ್ಣಿನ ತನಕ ಮಾತ್ರ ಇರುವ ಗಿಡ್ಡ ಸ್ಲೈಡ್ ಆಗಬೇಕು. ಉದ್ದವಾದರೆ ಬೆರಳು ಮಡಚುವುದಿಲ್ಲ. ಕಾರ್ಡ್ ಹಿಡಿಯುವಾಗ ಕೋಲಿನಂತೆ ಸೆಟೆದು ನಿಂತು ತಂತಿಗೆ ಬಡಿಯುತ್ತದೆ. ಭಾರವಾದರೆ ಕೈಯನ್ನೇ ಎಳೆಯುತ್ತದೆ. ಸಡಿಲಾದರೆ ಹಾಡಿನ ನಡುವೆ ಜಾರಿ ಜನರ ಕಾಲ ಬಳಿ ಉರುಳುತ್ತದೆ.

ಹಳಿಯಾಳದಲ್ಲಿ ಲೋಹ ಕಡೆದು ಕೊಡುವ ಜ್ಯೋತಿಬಾನ ಲೇತ್ ಅಂಗಡಿ ಇತ್ತು. ರಾಕೇಶ ವೈರಿಂಗ್ ಕೆಲಸಕ್ಕೆ ದಿನಾ ಅದರ ಮುಂದೆಯೇ ಹೋಗುವವನು. ಸೆಲಿನ್ ಕಿರುಬೆರಳಿಗೆ ದಾರ ಸುತ್ತಿ, ಉದ್ದಕ್ಕೊಂದು ಗಂಟು ಹಾಕಿ, ಅಳತೆಯನ್ನು ಅವನ ಕೈಗೆ ಕೊಟ್ಟಿದ್ದಳು. ಅವನು ಮೊದಲು ತಂದದ್ದು ಸ್ಟೀಲಿನದು, ಕೈ ಸೋಲುವಷ್ಟು ಭಾರ. ಆಮೇಲೆ ತಂದದ್ದು ತೊಟ್ಟರೆ ಉದುರುವಷ್ಟು ಸಡಿಲ. ಈಗ ಈ ಗಾಜಿನದು, ಆನ್‌ಲೈನಿನಲ್ಲಿ ಇದಕ್ಕಿಂತ ಸಣ್ಣದು ಸಿಗುವುದೇ ಇಲ್ಲವಂತೆ. ಬೆರಳಿನ ಬುಡದವರೆಗೂ ಬಂದು ಕೂತಿತ್ತು.

"ಜ್ಯೋತಿಬಾಕಾಕಾಗ ಅಳತಿ ಸರಿ ಹೇಳಿದ್ದಿ ಹೌದಿಲ್ಲೋ?" ಸೆಲಿನ್ ಕೇಳಿದಳು.

"ಹೇಳೇನಿ ಮಾರಾಯ್ತಿ. ಅಂವ ಹಿಂಗ ಮಾಡಿದ್ರ ನಾ ಏನ್ ಮಾಡ್ಲಿ?" ಎಂದು ರಾಕೇಶ ಗಿಟಾರಿನ ಕಿವಿ ತಿರುವತೊಡಗಿದ. ಅದು ಮೊದಲೇ ಶ್ರುತಿಯಲ್ಲಿತ್ತು.

ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದ ಸೆಲಿನ್‌ಳ ಅವ್ವ ಅಗ್ನೆಸ್ ಬಾಯಿ ಹಾಕಿದಳು. "ಮದವಿ ಉಂಗುರಕ್ಕೂ ಯಾರೂ ಇಷ್ಟು ಹುಡುಕಂಗಿಲ್ಲವ್ವಾ. ಒಂದು ಬೆರಳಿಗೆ ಎಷ್ಟು ತರಿಸ್ತಿ?"

"ನೀ ಸುಮ್ನಿರಬೇ!" ಸೆಲಿನ್‌ಳ ಕೆನ್ನೆ ಬಿಸಿಯಾಯಿತು. ರಾಕೇಶನ ಕಡೆ ನೋಡಿದರೆ ಅವನು ನೆಲ ನೋಡುತ್ತಿದ್ದ. "ನಾಳೆ ನಾನ ಹೋಗ್ತೇನಿ ಜ್ಯೋತಿಬಾಕಾಕಾನ ಕಡೆ."

"ಬ್ಯಾಡ!" ಎಂದ ರಾಕೇಶ ತಟ್ಟನೆ. ಆಮೇಲೆ ದನಿ ಇಳಿಸಿ, "ಅಂದ್ರ... ನಾಳೆ ಅಂಗಡಿ ತಗದಿರಂಗಿಲ್ಲ" ಎಂದ.

ಅಂಗಡಿ ತೆಗೆದಿತ್ತು. ಶನಿವಾರ ಬೆಳಿಗ್ಗೆ ಗಿಟಾರು ಬೆನ್ನಿಗೇರಿಸಿ ಸೆಲಿನ್ ಹೋಗಿ ನಿಂತಾಗ ಜ್ಯೋತಿಬಾ ಕೈಗೆ ಹತ್ತಿದ ಎಣ್ಣೆ ಒರೆಸುತ್ತ ಎದ್ದು ಬಂದ.

"ಬಾ ತಂಗಿ, ಬಾ. ಹೆಂಗೈತಿ ಆ ಹಿತ್ತಾಳಿದು? ಬೆರಳಿಗೆ ಸರಿ ಕೂತೇತಲ್ಲ?"

"ಯಾವ ಹಿತ್ತಾಳಿದು, ಕಾಕಾ?"

"ಅಲಾ ಇಕಿನ! ನಿನ್ನ ದಾರದ ಅಳತಿಗೆ ಮಾಡಿದ್ದು, ಗೆಣ್ಣಿಗೆ ಬಂದು ನಿಲ್ಲೂವಂಗ. ರಾಕೇಶ ಒಯ್ದು ಭಾಳ ದಿನ ಆತು. ಆಮ್ಯಾಲ ಬಂದು ಸ್ಟೀಲಿಂದು ಮಾಡು, ತೂಕ ಇರ್ಲಿ ಅಂದ. ಮತ್ತ ಬಂದು ಸಡ್ಲ ಮಾಡು ಅಂದ. ಸಡ್ಲ ಮಾಡಿದ್ರ ಬೀಳತೈತೋ ಅಂದ್ರ, ಬೀಳ್ಲಿ ಬಿಡು ಕಾಕಾ ಅಂದ. ನಿಮ್ಮ ಸಂಗೀತದ್ದು ನಮಗೇನು ತಿಳೀತೈತಿ!"

ಸೆಲಿನ್‌ಗೆ ಕಿವಿಯವರೆಗೆ ಬಿಸಿ ಏರಿತು. ಎಷ್ಟು ಸಂಜೆ ಕೂತು ಆ ದರಿದ್ರ ನಳಿಗೆಗಳ ಜೊತೆ ಗುದ್ದಾಡಿದ್ದಳು! ತನ್ನ ಬೆರಳೇ ದಡ್ಡ, ತನ್ನ ಕೈಯೇ ಒರಟು ಎಂದುಕೊಂಡು ಅತ್ತೂ ಇದ್ದಳು, ಅವ್ವನಿಗೆ ಕಾಣದ ಹಾಗೆ. ಅವನು ಎದುರಿಗೇ ಕೂತು ನೋಡುತ್ತಿದ್ದ. ತಾನು ಹೋದ ಮೇಲೆ ಇವಳು ಜನರ ಮುಂದೆ ಮುಗ್ಗರಿಸಲಿ, ನಗೆಪಾಟಲಾಗಲಿ, ಅದೇ ತಾನೇ ಅವನಿಗೆ ಬೇಕಾದದ್ದು?

"ಕಾಕಾ, ನನಗ ಈಗ ಇನ್ನೊಂದು ಮಾಡಿಕೊಡ್ರಿ. ನನ್ನ ಬೆರಳ ಇಲ್ಲೇ ಐತಿ, ನೋಡಿ ಮಾಡ್ರಿ."

ಚಹಾ ಕುಡಿಯುವಷ್ಟರಲ್ಲಿ ಹಿತ್ತಾಳೆಯ ಗಿಡ್ಡ ಕೊಳವೆ ತಯಾರಾಯಿತು. ತೊಟ್ಟಳು. ಗೆಣ್ಣಿನ ಹತ್ತಿರ ಬಂದು ನಿಂತಿತು. ಬೆರಳು ಮಡಚಿದರೆ ಮಡಚಿತು. ಇಷ್ಟೇ! ಇಷ್ಟಕ್ಕೇ ಅಷ್ಟೊಂದು ಸಂಕಟ! ದಾಂಡೇಲಿಯ ಬಸ್ಸಿನಲ್ಲಿ ಕಾಡು ಹಿಂದೆ ಸರಿಯುತ್ತಿದ್ದಂತೆ ಅವಳು ಬೆರಳು ಮಡಚುತ್ತ, ಚಾಚುತ್ತ, ಮನಸ್ಸಿನಲ್ಲೇ ಅವನನ್ನು ಬೈಯುತ್ತ ಹೋದಳು. ಮಧ್ಯಾಹ್ನವೆಲ್ಲ ರೆಸಾರ್ಟಿನ ಹಿತ್ತಲಲ್ಲಿ ಕೂತು ಬಾರಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ರಾಕೇಶ ಬಂದ. ಅವಳ ಬೆರಳಿನಲ್ಲಿ ಹೊಳೆಯುವುದನ್ನು ದೂರದಿಂದಲೇ ಕಂಡು ಅವನ ಹೆಜ್ಜೆ ನಿಧಾನವಾಯಿತು.

"ಜ್ಯೋತಿಬಾಕಾಕಾನ ಕಡೆ ಹೋಗಿದ್ದಿ."

"ಹೋಗಿದ್ದೆ."

"ಬೈದ್ನೇನು?"

"ಅಂವ ಯಾಕ ಬೈತಾನ? ಬೈಯೂದು ನನ್ನ ಪಾಳಿ. ನಾ ನಿನಗ ಏನ್ ಮಾಡಿದ್ದೆ ರಾಕೇಶಾ? ನಾಲ್ಕು ಮಂದಿ ಮುಂದ ನನ್ನ ಮಾನ ಹೋಗ್ಲಿ ಅಂತ ಇದ್ದೇನು?"

"ಹಂಗಲ್ಲ."

"ಮತ್ತ ಹೆಂಗ?"

ಅವನು ಅಂಗಿಯ ಜೇಬಿಗೆ ಕೈ ಹಾಕಿದ. ಅಂಗೈಯಲ್ಲಿ ಅವಳದರಂಥದ್ದೇ ಇನ್ನೊಂದು ಹಿತ್ತಾಳೆ ಸ್ಲೈಡ್. "ಮೊದಲನೇದು ಇದು. ಕೊಡಾಕೂ ಆಗ್ಲಿಲ್ಲ, ಒಗ್ಯಾಕೂ ಆಗ್ಲಿಲ್ಲ."

"ಯಾಕ?"

"ಇದು ಕೊಟ್ಟ ದಿನ ನಾ ನಿನಗ ಬೇಕಾಗಂಗಿಲ್ಲಲ್ಲ."

"ಗೋವಾಕ್ಕ ಹೊಂಟವ ನೀನಲೇ!"

"ನೀ ಒಂದ ಸಲ ಇರು ಅಂದೇನು? ಚಲೋ ಆತು ಹೋಗು ಅಂದಿ. ಅದೂ ಎಷ್ಟು ಲಗೂನ! ಅವತ್ತಿನಿಂದ ನನಗ ಅನ್ನ ರುಚಿ ಹತ್ತಿಲ್ಲ. ಸ್ಲೈಡ್ ಸರಿ ಆಗ್ಲಿಲ್ಲಂದ್ರ, ಬ್ಯಾಸತ್ತು, ರಾಕೇಶಾ ಹೋಗಬ್ಯಾಡೋ ಅಂತಿ ಅನ್ಕೊಂಡಿದ್ದೆ."

ಸೆಲಿನ್‌ಳ ಎದೆಯೊಳಗೆ ಏನೋ ಕರಗಿತು. ಕರಗಿದ್ದು ಗಂಟಲಿಗೆ ಬರುವಷ್ಟರಲ್ಲಿ ಮತ್ತೆ ಸಿಟ್ಟೇ ಆಯಿತು.

"ಅಂದ್ರ ನಾ ಕೈಲಾಗದ ಕೂತ್ರ ನಿನಗ ಚಲೋ! ಹಂಗ ನಿನ್ನ ನಿಲ್ಲಿಸ್ಕೊಂಡ್ರ ನೀ ಏನಾಗ್ತಿದ್ದಿ? ಕಾರ್ಡ್ ಹಿಡಿಯೋ ಆಳು. ನನಗ ಆಳು ಬೇಕಾಗಿಲ್ಲ. ಇವತ್ತ ನಿನ್ನ ಗಿಟಾರ್ ಚೀಲದಾಗ ಇರ್ಲಿ. ಮುಂದ ಕುರ್ಚಿ ಅದಾವ, ಹೋಗಿ ಕುಂಡ್ರು."

ಅವನು ಹೋಗಿ ಕೂತ. ಸುತ್ತಲೂ ರಾಫ್ಟಿಂಗ್ ಮುಗಿಸಿ ಬಂದ ಪ್ರವಾಸಿಗರು ತಲೆ ಒರೆಸಿಕೊಳ್ಳುತ್ತ ಬಿಸಿ ಭಜಿ ತಿನ್ನುತ್ತಿದ್ದರು. ನಡುವೆ ಅವನೊಬ್ಬ, ಮೊಣಕಾಲ ನಡುವೆ ಗಿಟಾರಿನ ಚೀಲ ನಿಲ್ಲಿಸಿಕೊಂಡು, ಪರೀಕ್ಷೆಯಲ್ಲಿ ಫೇಲಾದವನ ಮುಖ ಮಾಡಿಕೊಂಡಿದ್ದ.

ಸೆಲಿನ್ ಶುರು ಮಾಡಿದಳು. ಮೂರು ಬೆರಳು ಕಾರ್ಡ್ ಹಿಡಿದವು, ಕಿರುಬೆರಳು ಮಡಚಿಕೊಂಡು ತನ್ನ ಪಾಡಿಗೆ ಪಕ್ಕದಲ್ಲಿ ನಿಂತಿತು. ಸಾಲು ಮುಗಿದ ಕೂಡಲೇ ಅದು ಚಾಚಿ ಸಣ್ಣ ತಂತಿಗಳ ಮೇಲೆ ಉದ್ದಕ್ಕೆ ಜಾರಿತು. ದನಿ ಅಳುವ ಹಾಗೆ ಎದ್ದು, ಹೊಳೆಯ ಕಡೆಗೆ ಹೋಯಿತು. ತಿನ್ನುತ್ತಿದ್ದವರು ಕೈ ನಿಲ್ಲಿಸಿದರು. ಅವಳಿಗೆ ಖುಷಿಯಾಗಬೇಕಿತ್ತು. ಆದರೆ ಕಣ್ಣು ಅವನ ಕಡೆ ಹೋಯಿತು: ಅವನ ಎಡಗೈ ಚೀಲದ ಮೇಲೆಯೇ, ಅವನಿಗೇ ಗೊತ್ತಿಲ್ಲದಂತೆ, ಅವಳ ಹಾಡಿನ ಕಾರ್ಡುಗಳನ್ನು ಒಂದೊಂದಾಗಿ ಹಿಡಿಯುತ್ತಿತ್ತು. ಸೆಲಿನ್ ಒಂದು ಸಾಲು ಮರೆತಳು. ಹೇಗೋ ಸಂಭಾಳಿಸಿ ಮುಗಿಸಿದಳು.

ಚಪ್ಪಾಳೆ ನಿಂತ ಮೇಲೆ ಇಳಿದು ಅವನ ಹತ್ತಿರ ಬಂದಳು.

"ಕೇಳಿದೇನು?"

"ಕೇಳಿದೆ. ನಡುವ ಒಂದ ಕಡೆ ಸಾಲ ಮರತಿ."

"ಅದು ಬಿಟ್ಟು ಹೇಳು."

"ಅದು ಬಿಟ್ರ ಎಲ್ಲಾ ಚಲೋ ಇತ್ತು." ಅವನು ಎದ್ದು ಚೀಲವನ್ನು ಹೆಗಲಿಗೆ ಹಾಕಿದ. ಕಣ್ಣಲ್ಲಿನ ಆ ಹಾಳು ನಗು ಈಗ ಇರಲಿಲ್ಲ. "ಖರೇನ ನಾ ಬೇಕಾಗಿಲ್ಲ, ಸೆಲಿನ್. ಸೋಮವಾರ ಹೊಂಡತೇನಿ."

ಅವಳ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಬರೀ ಹೆದರಿಕೆ ಉಳಿಯಿತು. ಇಷ್ಟು ದಿನ ನುಂಗಿಕೊಂಡ ಮಾತನ್ನು ಇನ್ನೂ ನುಂಗಿದರೆ ಇವನು ನಿಜವಾಗಿಯೂ ಹೋಗಿಬಿಡುತ್ತಾನೆ. ಸ್ಲೈಡ್ ಕಳಚಿದಳು. ಗೆಣ್ಣಿನ ಸುತ್ತ ಅದರ ಗುರುತು ಮೂಡಿತ್ತು.

"ಹೌದು. ಕಾರ್ಡಿಗೆ ನೀ ಬೇಕಾಗಿಲ್ಲ. ಹಾಡಿಗೂ ಬೇಕಾಗಿಲ್ಲ" ಎಂದಳು. ಕಳಚಿದ ಸ್ಲೈಡನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು. "ಹೋಗಬ್ಯಾಡ."

"ಏನಂದಿ?"

"ಕಿವಿ ಕೇಳಂಗಿಲ್ಲೇನು? ಹೋಗಬ್ಯಾಡ ಅಂದೆ. ನನಗ ನೀ ಬೇಕು. ಎಷ್ಟು ಸಲ ಹೇಳಿಸ್ತಿ?"

ಹಿಂದಿನ ಯಾವ ದಿನವೂ ಒಂದು ಸಲವೂ ಹೇಳಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ರಾಕೇಶ ಹೆಗಲಿನ ಚೀಲ ಇಳಿಸಿ ಮತ್ತೆ ಕುರ್ಚಿಯಲ್ಲಿ ಕೂತ. ಎರಡು ಕೈಯಲ್ಲೂ ಮುಖ ಒರೆಸಿಕೊಂಡ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ. ಅವಳೂ ಈ ಸಲ ಕಣ್ಣು ತಪ್ಪಿಸಲಿಲ್ಲ.

"ಲುಯಿಸಣ್ಣಗ ಏನಂತ ಹೇಳ್ಲಿ?"

"ಸೆಲಿನ್ ಬಿಡಲಿಲ್ಲ ಅನ್ನು." ಅವಳು ಪಕ್ಕದ ಕುರ್ಚಿ ಎಳೆದು ಅವನಿಗೆ ತಾಗಿಕೊಂಡೇ ಕೂತಳು. "ಕಾರ್ಡಿನ ಸಲುವಾಗಿ ಅಲ್ಲ ಅಂತ, ಅದನ್ನೂ ಹೇಳು."